ಎಡಕ್ಕೆ ಹೋದ ಮೂಗುತಿ

ಈಗ ನಮ್ಮ ಹಂಸಿನಿಯ ಚಿತ್ರಗಳ ತುಂಬ ದಾರ, ನಾರು, ಬಟ್ಟೆ ಚೂರು. ದೆಹಲಿಯ ಓಖ್ಲಾದ ಗಾರ್ಮೆಂಟ್ ಫ್ಯಾಕ್ಟರಿಗಳಿಂದ ಚೀಲಗಟ್ಟಲೆ ಚಿಂದಿ ಹೊತ್ತು ತಂದವನು ನಾನೇ, ಅವಳಪ್ಪ. ನೋಡಿದವರು ಏನೇನೋ ದೊಡ್ಡ ಮಾತಾಡುತ್ತಾರೆ. ಇದೆಲ್ಲ ಶುರುವಾದದ್ದು ಎರಡು ಸಾವಿರದ ಮೂರರಲ್ಲಿ, ಲಕ್ಷ್ಮೀ ನಗರದ ನಮ್ಮ ಬಾಡಿಗೆ ಮನೆಯಲ್ಲಿ, ನನ್ನ ಹೆಂಡತಿ ಸುಶೀಲೆಯ ಹಟದಿಂದ.

ನಾನು ಕೇಂದ್ರ ಸರ್ಕಾರದ ಗುಮಾಸ್ತ. ಮಗಳು ಕಲಾ ಕಾಲೇಜಿನಲ್ಲಿ ಸತುವಿನ ತಗಡಿನ ಮೇಲೆ ಗೀರಿ, ಶಾಯಿ ತುಂಬಿ, ಕಾಗದಕ್ಕೆ ಒತ್ತುವ ವಿದ್ಯೆ ಕಲಿಯುತ್ತಿದ್ದಳು. ಸುಶೀಲೆಯ ಕಣ್ಣಿಗೆ ಅದು ಕೈ ಕರಿ ಮಾಡಿಕೊಳ್ಳುವ ಕೆಲಸ, ಅಷ್ಟೇ. ಬಿ.ಎಡ್. ಮಾಡು ಅಂತ ಅವಳದು ಒಂದೇ ರಾಗ. ಕೊನೆಗೆ ತಾಯಿ ಮಗಳು ಒಂದು ಒಪ್ಪಂದಕ್ಕೆ ಬಂದರು. ಕಾಲೇಜಿನ ಪ್ರದರ್ಶನಕ್ಕೆ ಹಂಸಿನಿ ಅಮ್ಮನ ಮುಖವನ್ನೇ ಅಚ್ಚು ಹಾಕಬೇಕು. ಅಮ್ಮ ನೋಡಿ ಇದು ನಾನೇ ಅಂದರೆ ಬಿ.ಎಡ್. ಮಾತು ಬಂದ್.

ಹುಡುಗಿ ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ, ಕಂಡದ್ದನ್ನು ಕಂಡ ಹಾಗೆ ತಗಡಿಗೆ ಇಳಿಸಿದಳು. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗುತ್ತದೆ ಅಂತ ಗೊತ್ತಿತ್ತು. ಮುಖಕ್ಕೇನು, ಎರಡು ಕೆನ್ನೆಯೂ ಒಂದೇ ಅಂದುಕೊಂಡಳು. ಬಲಗಡೆಯ ಮೂಗುತಿ ಎಡಕ್ಕೆ ಹೋಯಿತು. ಕಾಲೇಜಿನಲ್ಲಿ ಒಬ್ಬರೂ ಗಮನಿಸಲಿಲ್ಲ. ಈ ಊರಿನ ಹೆಂಗಸರು ಚುಚ್ಚಿಸುವುದೇ ಎಡಕ್ಕೆ. ನಮ್ಮವಳು ಮಾತ್ರ ಕನ್ನಡಕ ಏರಿಸಿ ನೋಡಿ, ಇದ್ಯಾರೋ ಡೆಲ್ಲಿ ಆಂಟಿ, ನಾನಲ್ಲ ಅಂದುಬಿಟ್ಟಳು.

ಪ್ರದರ್ಶನ ಮರುದಿನವೇ. ಹಂಸಿನಿ ಅಳಲೂ ಇಲ್ಲ.

“ಚಲೋ, ಬಿ.ಎಡ್. ಫಾರ್ಮ್ ತಂದ್ಬಿಡಪ್ಪ,” ಅಂದು ಒಳಗೆ ಹೋಗಿ ಮಲಗಿದಳು.

ನನಗೆ ಮೈಯೆಲ್ಲ ಉರಿಯಿತು. ಒಂದು ಹರಳಿಗೋಸ್ಕರ ಮಗಳ ಬಾಳು ಹಾಳು ಮಾಡ್ತೀಯಾ ಅಂತ ಸುಶೀಲೆಯ ಮೇಲೆ ಕೂಗಾಡಿದೆ. ಅವಳು ಚಿತ್ರದ ಮುಂದೆ ಬಹಳ ಹೊತ್ತು ಕೂತಿದ್ದು, ಸೂಜಿಗೆ ಕೆಂಪು ದಾರ ಪೋಣಿಸಿ, ಕಾಗದದ ಮೂಗಿನ ಬಲಕ್ಕೂ ಒಂದು ಮೂಗುತಿ ಹೊಲಿಯತೊಡಗಿದಳು. ತಡೆಯಲು ಹೋದೆ, ಕೈ ತಳ್ಳಿದಳು. ಅವಳಮ್ಮ ಎರಡೂ ಕಡೆ ಮೂಗುತಿ ಇಡುತ್ತಿದ್ದರಂತೆ. ಇವಳು ಚಿಕ್ಕವಳಿದ್ದಾಗಲೇ ಹೋದರು. ಒಂದು ಫೋಟೋ ಕೂಡ ಇಲ್ಲ.

ಮರುದಿನ ಪ್ರದರ್ಶನದಲ್ಲಿ ಯಾರೋ ಮೇಷ್ಟ್ರು ಚಿತ್ರವನ್ನೂ ಸುಶೀಲೆಯನ್ನೂ ನೋಡಿ, ಇದು ನೀವೇ ತಾನೇ ಅಂತ ಹಿಂದಿಯಲ್ಲಿ ಕೇಳಿದರು.

“ನಹೀ ಜೀ. ಮೇರೀ ಅಮ್ಮಾ,” ಅಂದಳು ಸುಶೀಲೆ. ಆಮೇಲೆ ಮಗಳ ಕೈ ಹಿಡಿದುಕೊಂಡಳು. “ನಮ್ಮಮ್ಮನ ಮುಖಾನೇ ಮರ್ತುಬಿಟ್ಟಿದ್ದೆ ಕಣೇ. ನೀನು ಇದನ್ನೇ ಮಾಡ್ಕೊಂಡಿರು.”