ಬಸ್ಸು ತುಂಬ ಜನರ ಮುಂದೆ

ವೃಷಭೇಂದ್ರ ತಾಳವಾಡಿಯಿಂದ ಸತ್ಯಮಂಗಲಕ್ಕೆ ಖಾಸಗಿ ಬಸ್ಸು ಓಡಿಸಲು ಶುರು ಮಾಡಿ ಹನ್ನೊಂದು ವರ್ಷವಾಗಿತ್ತು. ದಿಂಬಂ ಘಟ್ಟದ ತಿರುವುಗಳನ್ನು ದಿನವೂ ಹತ್ತಿಳಿದು ಅವನಿಗೆ ಬೀಪಿ ಏರಿತ್ತು, ನಿದ್ದೆ ಕೆಟ್ಟಿತ್ತು, ನಾಲಿಗೆ ಹಿಡಿತ ತಪ್ಪಿತ್ತು.

೨೦೦೬ರ ಬೇಸಗೆಯಲ್ಲೊಂದು ದಿನ ಗುಮಟಾಪುರದ ಕೂಲಿ ಹೆಂಗಸು ಮಾದೇವಮ್ಮ ಹೊಟ್ಟೆ ತೊಳಸುತ್ತಿದೆ, ಒಂದು ಗಳಿಗೆ ನಿಲ್ಲಿಸಿ ಎಂದು ಎರಡು ಸಲ ಬೇಡಿಕೊಂಡಳು. ಅವನು ನಿಲ್ಲಿಸಲಿಲ್ಲ. ಕೂತಲ್ಲೇ ವಾಂತಿಯಾಯಿತು. ಆಗ ಬ್ರೇಕು ಒತ್ತಿ ಎದ್ದುಬಂದವನು, ಬಾಯಿಗೆ ಬಂದಂತೆ ಬೈದು, ಅವಳ ಸೆರಗಿನಿಂದಲೇ ಎಲ್ಲವನ್ನೂ ಒರೆಸಿಸಿದ. ಬಸ್ಸು ತುಂಬ ಜನ ನೋಡುತ್ತಿದ್ದರು.

ಆ ಮೇಲೊಂದು ದಿನ ತಲೆ ಸುತ್ತಿ ಬಿದ್ದಾಗ ಡಾಕ್ಟರು ಮಾತ್ರೆಯ ಜೊತೆಗೆ ಧ್ಯಾನವನ್ನೂ ಮಾಡು ಎಂದರು. ದೊಡ್ಡಗಾಜನೂರಿನಲ್ಲಿ ನಿವೃತ್ತ ಮೇಷ್ಟ್ರು ಸಿದ್ದಯ್ಯ ಕಲಿಸುತ್ತಿದ್ದರು. ಮೂರು ತಿಂಗಳಲ್ಲಿ ಬೀಪಿ ಇಳಿಯಿತು, ನಿದ್ದೆ ಬಂತು. ಅಪ್ಪ ಬಂದರೆ ಮಕ್ಕಳು ಈಗ ಓಡಿಹೋಗುವುದಿಲ್ಲ ಎಂದು ಹೆಂಡತಿ ರಂಜಿತ ಊರಿಗೆಲ್ಲ ಹೇಳಿದಳು. ಆದರೆ ಉಸಿರು ತಿಳಿಯಾದಷ್ಟೂ, ಮುಚ್ಚಿದ ಕಣ್ಣೊಳಗೆ ಆ ಒದ್ದೆ ಸೆರಗು ನಿಚ್ಚಳವಾಗಿ ಕಾಣತೊಡಗಿತು. ಹೊಗಳಿದವರೆದುರು ಅವನು ತಲೆ ತಗ್ಗಿಸುತ್ತಿದ್ದ. ಬಸ್ಸಿನಲ್ಲಿ ನಡೆದದ್ದನ್ನು ಬಿಚ್ಚಿಟ್ಟು, ಧ್ಯಾನ ಕೆಡುತ್ತಿದೆ ಎಂದು ಮೇಷ್ಟ್ರಿಗೆ ಹೇಳಿಕೊಂಡ.

"ಧ್ಯಾನ ಕೆಟ್ಟಿಲ್ಲ ಕಣಪ್ಪ," ಎಂದರು ಸಿದ್ದಯ್ಯ. "ಈಗ್ಲಾರ ಕಾಣ್ತಲ್ಲ. ಓಗಿ ತಪ್ಪೊಪ್ಕ."

ಭಾನುವಾರ ಗುಮಟಾಪುರಕ್ಕೆ ಹೋದ. ಮಾದೇವಮ್ಮ ಒಬ್ಬಳೇ ಹಿತ್ತಿಲಲ್ಲಿ ಹುರುಳಿ ಕೇರುತ್ತಿದ್ದಳು. ಅವನು ತೊದಲುತ್ತ ತಪ್ಪಾಯಿತೆಂದ. ಅವಳು ಮೊರ ಕೆಳಗಿಡಲಿಲ್ಲ.

"ಬೋದದ್ದು ಬಸ್ಸು ತುಂಬ ಜನದ ಮುಂದ, ಬುದ್ಧಿ. ತಪ್ಪಾಯ್ತು ಅನ್ನದು ಮಾತ್ರ ಯಾರೂ ಇಲ್ದ ಈ ಇತ್ಲಲ್ಲಾ?"

ಅವನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ತಾನು ಯಾರೂ ಇಲ್ಲದ ಹೊತ್ತು ನೋಡಿಯೇ ಬಂದಿದ್ದೆ ಎಂಬುದು ಅವಳು ಹೇಳಿದ ಮೇಲೆ ಹೊಳೆಯಿತು.

ಮುಂದಿನ ಸೋಮವಾರ ಮಾದೇವಮ್ಮ ತಾಳವಾಡಿಯಲ್ಲಿ ಬಸ್ಸು ಹತ್ತಿದಳು. ವೃಷಭೇಂದ್ರ ಇಂಜಿನ್ನು ಆರಿಸಿ ಜನರ ಕಡೆ ತಿರುಗಿ ನಿಂತ. ಕಲಿತ ಉಸಿರಾಟ ಕೈಕೊಟ್ಟಿತು. ತಾನು ಮಾಡಿದ್ದನ್ನು, ಆಡಿದ ಮಾತನ್ನು ಒಂದೂ ಬಿಡದೆ ಹೇಳಿ ಕೈ ಮುಗಿದ. ಕಂಡಕ್ಟರ್ ಮುರುಗೇಶ ಟಿಕೆಟ್ ಹರಿಯುವುದನ್ನೂ ಮರೆತ.

ಮಾದೇವಮ್ಮ ಕಿಟಕಿಯಾಚೆ ನೋಡುತ್ತಲೇ ಇದ್ದಳು.

"ಸರಿ, ಬಸ್ಸು ಒಲ್ಡಿಸಿ ಬುದ್ಧಿ," ಎಂದಳು ಕೊನೆಗೆ. "ಕೂಲಿಗ ಒತ್ತಾಯ್ತದ."

ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಕೇಳಲು ಅವನಿಗೆ ಮುಖವಿರಲಿಲ್ಲ. ಉರಿಯುವ ಕಿವಿಗಳೊಡನೆ ಅವನು ಗೇರು ಹಾಕಿದ.