ತಿರುಗಿ ಬರುವ ದಾರಿ

ದೀಪಾವಳಿ ಕಳೆದು ಭತ್ತದ ಸುಗ್ಗಿ ನಡೆದಿತ್ತು. ಅಕ್ಕಿಆಲೂರಿನ ಹೊರಗಿನ ಕಣದಲ್ಲಿ ಚೀಲ ಹೇರಿಕೊಂಡ ಕುಬೇರಪ್ಪನ ಲಾರಿ ಬೆಳಗಿನಿಂದ ನಿಂತೇ ಇತ್ತು. ಅದರ ಕಿಲೋಮೀಟರಿನ ಮೀಟರು ಪೂರ್ತಿ ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಹೊರಟಿತ್ತು. ಎಂಜಿನ್ನು ಗಟ್ಟಿಯೇ. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರು ಮಾತ್ರ ದಸರೆಯಿಂದೀಚೆಗೆ ಮೂರನೆಯ ಸಲ ಸುಟ್ಟಿತ್ತು. ಇನ್ನೊಮ್ಮೆ ಗಾಡಿ ನಿಂತರೆ ಸುಗ್ಗಿಯ ಬಾಡಿಗೆ ಬೇರೆಯವರಿಗೆ ಎಂದು ಭತ್ತ ಕೊಳ್ಳುವ ಅಕ್ಕಿ ಗಿರಣಿಯವರು ಹೇಳಿ ಕಳಿಸಿದ್ದರು.

ಹಾನಗಲ್ಲಿನಿಂದ ಬಂದ ಎಲೆಕ್ಟ್ರಿಷಿಯನ್ ಇಜಾಜ ಹೊಸದನ್ನು ಕೂಡಿಸಿ ನಟ್ಟು ಬಿಗಿದ.

“ಇದಾದ್ರೂ ಖರೇ ಮಾಲೋ, ಇಲ್ಲಾ ಹಿಂದಿನದರ ತಮ್ಮನೋ?” ಎಂದ ಕುಬೇರಪ್ಪ. ಇಜಾಜ ಡುಪ್ಲಿಕೇಟ್ ಹಾಕುತ್ತಾನೆಂದು ಗಿರಣಿ ಮುಂದಿನ ಚಾದಂಗಡಿಯಲ್ಲೂ ಅವನು ಅಂದಿದ್ದ.

“ತಪ್ಪು ಆಲ್ಟರ್ನೇಟರ್‌ದಲ್ರಿ ಕಾಕಾ. ಯಾವುದೋ ಒಂದು ಅದನ್ನ ಕೊಲ್ಲಾಕತ್ತೈತಿ. ನೀವು ಎಕ್ಸಲರೇಟರಿನ ರೇಸ್ ತಂತಿ ಜಗ್ಗರಿ, ನಾ ಸೆಲ್ಫ್ ಹೊಡದು ಎಂಜಿನ್ ಚಾಲೂ ಮಾಡತೇನಿ.”

ಎಂಜಿನ್ನು ನರಳಿತು. “ಅಯ್ಯವ್ವಾ!” ಎಂದು ಕುಬೇರಪ್ಪ ಕೈ ಝಾಡಿಸಿದ. ಅಂಗೈಯಲ್ಲಿ ಕೆಂಪು ಗೆರೆ. ತಂತಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

“ಬರೇ ರೇಸ್ ಜಗ್ಗೂ ತಂತಿಯೋ ಇದು! ಇದರಾಗ ಕರೆಂಟ್ ಹೆಂಗ ಬಂತು?”

ಇಜಾಜ ತಂತಿಯನ್ನೇ ನೋಡುತ್ತ ನಿಂತ. “ಹೊಂಟ ಕರೆಂಟ್ ತಿರುಗಿ ಬ್ಯಾಟರಿಗೆ ಬರಬೇಕ್ರಿ. ದೊಡ್ಡ ದಾರಿ ಮುಚ್ಚೇತಿ. ಸಿಕ್ಕ ಎಳಿ ಹಿಡದು ಮನಿಗೆ ಬರಾಕತ್ತೈತಿ.”

ಅವನು ಕೆಳಗೆ ತೂರಿದ. ಎಂಜಿನ್ನಿನಿಂದ ಲಾರಿಯ ಚೌಕಟ್ಟಿಗೆ ಕರೆಂಟು ಮರಳುವ ಅರ್ತಿಂಗ್ ಪಟ್ಟಿಯನ್ನು ಬಿಚ್ಚಿದರೆ, ಬೋಲ್ಟಿನಡಿ ಮಿರಿಮಿರಿ ಕರಿ ಬಣ್ಣ. ದಸರೆಗೆ ಕುಬೇರಪ್ಪನೇ, ತುಕ್ಕು ಹಿಡಿಯಬಾರದೆಂದು, ಪಟ್ಟಿ ಬಿಚ್ಚಿ ಎರಡು ಕೈ ಬಣ್ಣ ಬಳಿದು ಮತ್ತೆ ಬಿಗಿದಿದ್ದ.

“ಗಾಡಿಗೆ ಸಿಂಗಾರ ಮಾಡೀರಿ, ಬಾಗಿಲಾ ಹಾಕೀರಿ! ಬಣ್ಣದಾಗ ಕರೆಂಟ್ ಹಾಯಂಗಿಲ್ರಿ, ಅದಕ್ಕ ಆಲ್ಟರ್ನೇಟರ್ ಸುಡಾಕತ್ತಿತ್ತು.”

ಕುಬೇರಪ್ಪ ತಾನೇ ಕೆಳಗೆ ಮಲಗಿ, ಬಿಳಿ ಕಬ್ಬಿಣ ಕಾಣುವತನಕ ಬಣ್ಣ ಉಜ್ಜಿ ತೆಗೆದ.

ಪಟ್ಟಿ ಬಿಗಿದು ಸೆಲ್ಫ್ ಹೊಡೆದದ್ದೇ ಎಂಜಿನ್ನು ಎದ್ದಿತು. ನಡುಹಗಲಲ್ಲೂ ಹೆಡ್‌ಲೈಟು ಕಣ್ಣು ಕುಕ್ಕಿತು. ಕುಬೇರಪ್ಪ ಸುಟ್ಟ ಕೈಯಿಂದಲೇ ತಂತಿ ಮುಟ್ಟಿದ. ಮುಂಜಾನೆಯ ಬಾವಿ ಹಗ್ಗದ ಹಾಗೆ ತಣ್ಣಗಿತ್ತು. ಇಷ್ಟು ವರ್ಷ ತಾನು ಕೂತ ಸೀಟಿನ ಕೆಳಗೆ ಕರೆಂಟಿನ ಒಂದು ಹೊಳೆ ಸದ್ದಿಲ್ಲದೆ ಹೋಗಿ ಬರುತ್ತಿತ್ತು! ಬೆರಳು ತೆಗೆಯಲು ಅವನಿಗೆ ಮನಸ್ಸಾಗಲಿಲ್ಲ.

“ಇಜಾಜ, ನಾ ನಿನಗ ಅಂದದ್ದು...”

“ನನಗ್ಯಾಕ ಹೇಳ್ತೀರಿ? ಎಲ್ಲಿ ಅಂದ್ರಿ, ಅಲ್ಲೇ ತೀರಸ್ರಿ.”

ಗಿರಣಿಗೆ ತಿರುಗುವ ಮುನ್ನ ಕುಬೇರಪ್ಪ ಚಾದಂಗಡಿ ಮುಂದೆ ಲಾರಿ ನಿಲ್ಲಿಸಿದ. ಎಂಜಿನ್ನು ಆರಿಸಲಿಲ್ಲ. ಕಿಟಕಿಯಿಂದ ಅಂಗೈ ಹೊರಗೆ ಚಾಚಿ, ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವಂತೆ ಕೂಗಿದ:

“ನೋಡ್ರಪಾ, ತಪ್ಪು ನಂದು. ಇಜಾಜನ ಮಾಲು ಖರೇ ಐತಿ!”