ಚೌಳಹಿರಿಯೂರಿನ ಸಂಬಂಧ

ಮೊದಲೆಲ್ಲ ಹೆಣ್ಣಿನ ಕಡೆಯವರು ಗಂಡಿನ ಊರಿಗೆ ಹೋಗಿ, ಟೀ ಅಂಗಡಿಯಲ್ಲಿ ಕೂತು, ಬಂದ ಕಾರಣ ಹೇಳದೆ ಮನೆತನ ವಿಚಾರಿಸಿಕೊಂಡು ಬರುತ್ತಿದ್ದರು. ಯಗಟಿಯ ರಂಗಪ್ಪನಿಗೆ ಆ ಬಸ್ ಚಾರ್ಜೂ ಉಳಿಯಿತು. ಹಜಾರದಲ್ಲಿ ಕಾಲು ಚಾಚಿಕೊಂಡು ಫೋನಿನಲ್ಲೇ ಅಳಿಯನನ್ನು ಅಳೆಯತೊಡಗಿದ.

ಬಂದಿದ್ದ ಸಂಬಂಧಗಳು ಎರಡು. ಒಬ್ಬ ಅಜ್ಜಂಪುರದ ಗೊಬ್ಬರದ ಅಂಗಡಿಯವರ ಮಗ. ಇನ್ನೊಬ್ಬ ಚೌಳಹಿರಿಯೂರಿನ ಹರ್ಷಿತ್, ಕಡೂರಿನಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟವನು. ಮಗಳು ಹೇಮಶ್ರೀ ಪಾಠ ಹೇಳುವ ಶಾಲೆ ಅದೇ ಬೀದಿಯಲ್ಲಿತ್ತು. ಅವಳ ಮನಸ್ಸು ಹರ್ಷಿತ್ ಮೇಲೆ, ಅದನ್ನು ಮನೆಯಲ್ಲಿ ಹೇಳಿಯೂ ಇದ್ದಳು.

ರಂಗಪ್ಪ ಬೇಡ ಎನ್ನಲಿಲ್ಲ, ದಿನಕ್ಕೊಂದು ಸಾಕ್ಷಿ ಹುಡುಕಿ ತೋರಿಸಿದ. ಹರ್ಷಿತ್ ಗೆಳೆಯರ ಜೊತೆ ಬೆಟ್ಟದ ಮೇಲೆ ನಿಂತ ಫೋಟೋ ಸಿಕ್ಕರೆ, "ಗುಂಪು ಕಟ್ಕೊಂಡು ತಿರುಗೋನು" ಎಂದ. ಅಜ್ಜಂಪುರದವನು ಹಾಗೆಯೇ ನಿಂತಿದ್ದರೆ, "ನಾಕ್ ಜನಕ್ಕೆ ಬೇಕಾದೋನು ಕಣಮ್ಮ."

"ಒಲ್ಲದ ಗಂಡಂಗೆ ಮೊಸ್ರಲ್ಲೂ ಕಲ್ಲು" ಎಂದಳು ಹೆಂಡತಿ ಕೆಂಚಮ್ಮ. ಅದು ಅವನ ಕಿವಿಗೆ ಬೀಳಲಿಲ್ಲ.

ಭಾನುವಾರ ಹೇಮಶ್ರೀ ತನ್ನ ಫೋನು ಹಿಡಿದು ಎದುರಿಗೆ ಕೂತಳು.

"ಅಪ್ಪಾ, ಹುಡುಗ ಫೇಸ್‌ಬುಕ್ಕಲ್ಲಿ ತಾನೇ ಬರ್ಕೊಂಡಿದಾನೆ, ಕೇಳು. ತುಮಕೂರಲ್ಲಿ ಕೆಲ್ಸಕ್ಕೆ ಸೇರಿ ಬಿಟ್ಟ. ಶಿವಮೊಗ್ಗದಲ್ಲಿ ಇನ್ನೊಂದು ಸಿಕ್ತು, ಅದನ್ನೂ ಬಿಟ್ಬಿಟ್ಟ."

"ಒಂದ್ ಕಡೆ ನಿಲ್ಲೋ ಪೈಕಿ ಅಲ್ಲ. ಆ ಚೌಳಹಿರಿಯೂರೋರ ಬುದ್ಧೀನೇ ಅಷ್ಟು."

"ಊರು ಯಾವ್ದು ಅಂತ ನಾನೆಲ್ಲಿ ಹೇಳ್ದೆ? ಇದು ಅಜ್ಜಂಪುರದ ಹುಡುಗಂದು."

ರಂಗಪ್ಪ ಕನ್ನಡಕ ಸರಿಮಾಡಿಕೊಂಡ. "ಹೌದಾ? ಹಂಗಾದ್ರೆ ನಾಕ್ ಕಡೆ ದುಡಿದು ಅನುಭವ ಆಗೈತೆ. ಅಪ್ಪನ ಅಂಗಡಿ ನೋಡ್ಕಳಕ್ಕೆ ಅಂತ..." ಅಲ್ಲಿಗೇ ನಿಲ್ಲಿಸಿದ. ತನ್ನ ಮಾತು ತನಗೇ ಕೇಳಿಸಿತ್ತು.

"ಮದ್ವೆ ಮನೇಲಿ ಊಟಕ್ಕೆ ಏಳಿ ಅಂತ ಯಾರೂ ಕರೀಲಿಲ್ಲ ಅಂತ ನೀವು ಉಪವಾಸ ಬಂದ್ರಲ್ಲ, ಅದು ಯಾವೂರು?" ಎಂದಳು ಕೆಂಚಮ್ಮ.

ಈ ಕಡೆ ಮನೆಯವರು ಬಂದು ಕರೆಯದೆ ಮಾನವಂತರು ಎಲೆ ಮುಂದೆ ಕೂರುವುದಿಲ್ಲ. ಅದು ಚೌಳಹಿರಿಯೂರಿನಲ್ಲಿ ನಡೆದ ಮದುವೆ. ಆಗ ಹರ್ಷಿತ್ ಇನ್ನೂ ಶಾಲೆಗೇ ಸೇರಿರಲಿಲ್ಲ. ರಂಗಪ್ಪನಿಗೆ ನಾಚಿಕೆಯಾಯಿತು.

"ನಾನು ಹುಡುಕಿದ್ದೇ ಅವನ ತಪ್ಪನ್ನ. ಅದಕ್ಕೆ ಅದೇ ಸಿಕ್ತು" ಎಂದ. "ನೀನೂ ಹುಡುಕಿದೀಯಲ್ಲಮ್ಮ. ನಿಂಗೇನು ಸಿಕ್ತು?"

"ಒಳ್ಳೇವ್ನು ಅಪ್ಪಾ. ರಕ್ತದಾನ ಮಾಡಿದಾನೆ, ಅವರಮ್ಮನ್ನ ಚೆನ್ನಾಗಿ ನೋಡ್ಕತಾನೆ..."

"ಕೆಟ್ಟದ್ದೇನಾದ್ರೂ ಐತಾ ಅಂತ ಒಂದ್ಸಲನಾದ್ರೂ ಹುಡುಕಿದ್ಯಾ?"

ಹೇಮಶ್ರೀ ಫೋನು ಕೆಳಗಿಟ್ಟಳು. "ಇಲ್ಲ."

"ನಾಳೆ ಬಸ್ಸಿಗೆ ಇಬ್ರೂ ಚೌಳಹಿರಿಯೂರಿಗೆ ಹೋಗಣ. ಅವನ ಒಳ್ಳೇದು ನಾನು ವಿಚಾರಿಸ್ತೀನಿ. ಕೆಟ್ಟದ್ದು ನೀನು ವಿಚಾರಿಸು."

ಅಪ್ಪನನ್ನು ಗೆದ್ದೆ ಎಂದುಕೊಂಡಿದ್ದ ಹೇಮಶ್ರೀಗೆ ಮೊದಲ ಸಲ ಭಯವಾಯಿತು.